ಮೂಳೆ ಹಿಡಿಯಿತು, ಲೋಹ ಬಿಟ್ಟಿತು

ಹಲ್ಲು ಕಟ್ಟಿಸಿಕೊಳ್ಳುವುದು ನಮ್ಮಲ್ಲಿ ಹಳೆಯ ಮಾತು. ಹಲ್ಲು ನೆಡಿಸಿಕೊಳ್ಳುವುದು ಈಚಿನದು. ಕಟ್ಟಿಸಿಕೊಂಡ ಹಲ್ಲು ವಸಡಿನ ಮೇಲೆ ಕೂರುತ್ತದೆ. ರಾತ್ರಿ ಮಲಗುವಾಗ ಕಳಚಿ ನೀರಿನ ಲೋಟಕ್ಕೆ ಹಾಕುವ ‘ಸೆಟ್ಟು’ ಅದು. ನೆಟ್ಟ ಹಲ್ಲು ಹಾಗಲ್ಲ. ದವಡೆಯ ಮೂಳೆಯಲ್ಲಿ ರಂಧ್ರ ಕೊರೆದು, ಟೈಟಾನಿಯಂ ಲೋಹದ ಪುಟ್ಟ ತಿರುಪು ಮೊಳೆಯೊಂದನ್ನು ಅದರಲ್ಲಿ ಕೂರಿಸುತ್ತಾರೆ. ಮೂಳೆ ಅದನ್ನು ಬಿಗಿಯಾಗಿ ಹಿಡಿದುಕೊಂಡ ಮೇಲೆ ಮೊಳೆಯ ತಲೆಗೆ ಹಲ್ಲಿನಾಕಾರದ ಟೊಪ್ಪಿಗೆ ತೊಡಿಸುತ್ತಾರೆ. ದಂತವೈದ್ಯರ ಭಾಷೆಯಲ್ಲಿ ಇದೇ ‘ಇಂಪ್ಲಾಂಟ್’. ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಅರ್ಧ ಸುಳ್ಳು ಮಾಡಿದ ಚಿಕಿತ್ಸೆ ಇದು. ಅರ್ಧ ಏಕೆಂದರೆ, ಇದರ ಖರ್ಚು ಭರಿಸಿದ ಮೇಲೆ ಕಡಲೆಗೆ ಕಾಸು ಉಳಿಯುವುದು ಅನುಮಾನ.

ಈ ಮೊಳೆಯ ಮೈಗೆ ಪಿಂಗಾಣಿಯ ತೆಳು ಲೇಪ ಕೊಡುವ ಪದ್ಧತಿ 1980ರ ದಶಕದಲ್ಲಿ ಬಂತು. ಅದಕ್ಕೆ ಸಿಕ್ಕ ಸ್ವಾಗತ ದೊಡ್ಡದು. ಬರಿಯ ಲೋಹವನ್ನು ಮೂಳೆ ಸಹಿಸಿಕೊಳ್ಳುತ್ತದೆ ಅಷ್ಟೆ, ಪಿಂಗಾಣಿ ಹೊದ್ದ ಲೋಹವನ್ನು ತನ್ನದೇ ಎಂದು ಸೇರಿಸಿಕೊಳ್ಳುತ್ತದೆ ಎಂಬುದು ಆಗಿನ ಭರವಸೆ. ಹತ್ತು ವರ್ಷ ಕಳೆಯುವುದರೊಳಗೆ ಅದೇ ಲೇಪದ ವಿರುದ್ಧ ವೈದ್ಯಕೀಯ ಪತ್ರಿಕೆಗಳಲ್ಲಿ ದೂರುಗಳು ಶುರುವಾದವು. ಹಾಗಾದರೆ ಭರವಸೆ ಸುಳ್ಳಾಗಿತ್ತೆ? ಇಲ್ಲ. ಮೂಳೆ ಪಿಂಗಾಣಿಯನ್ನು ಸೇರಿಸಿಕೊಂಡದ್ದು ನಿಜವೇ ಆಗಿತ್ತು. ಕೈಕೊಟ್ಟದ್ದು ಬೇರೆ ಕಡೆ. ಎಲ್ಲಿ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸತ್ತವರ ದಂಡೆಯಲ್ಲಿ ಸಿಕ್ಕ ದವಡೆ

ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ ಉಲುವಾ ನದಿಯ ಕಣಿವೆಯಿದೆ. ಅಲ್ಲಿನ ಒಂದು ತಾಣದ ಹೆಸರು ‘ಪ್ಲಾಯಾ ದೆ ಲೋಸ್ ಮುಯೆರ್ತೋಸ್’. ಸ್ಪ್ಯಾನಿಷ್ ಭಾಷೆಯಲ್ಲಿ ‘ಸತ್ತವರ ದಂಡೆ’ ಎಂದರ್ಥ. 1931ರಲ್ಲಿ ಪೊಪೆನೊ ದಂಪತಿ ಅಲ್ಲಿ ಉತ್ಖನನ ನಡೆಸಿದಾಗ ಮನುಷ್ಯನ ಕೆಳದವಡೆಯ ತುಣುಕೊಂದು ಸಿಕ್ಕಿತು. ಕ್ರಿ.ಶ. 600ರ ಸುಮಾರಿನದು, ಮಾಯಾ ನಾಗರಿಕತೆಯ ಕಾಲದ್ದು ಎಂದು ಅಂದಾಜು. ಮೂರು ಬಾಚಿ ಹಲ್ಲುಗಳು ಇರಬೇಕಾದ ಗೂಡುಗಳಲ್ಲಿ, ಹಲ್ಲಿನ ಆಕಾರಕ್ಕೆ ಉಜ್ಜಿ ತಿದ್ದಿದ ಮೂರು ಚಿಪ್ಪಿನ ತುಂಡುಗಳಿದ್ದವು.

ಹೆಣಕ್ಕೆ ಶೃಂಗಾರ ಮಾಡುವಾಗ ಇಟ್ಟಿದ್ದಿರಬೇಕು ಎಂದು ಬಹಳ ಕಾಲ ಭಾವಿಸಲಾಗಿತ್ತು. 1970ರ ದಶಕದ ಆರಂಭದಲ್ಲಿ ಬ್ರೆಜಿಲ್ ದೇಶದ ಅಮಡೆಯೊ ಬಾಬ್ಬಿಯೊ ಎಂಬ ದಂತವೈದ್ಯ ಆ ದವಡೆಯ ಎಕ್ಸ್‌ರೇ ತೆಗೆಸಿ ನೋಡಿದರು. ಎರಡು ಚಿಪ್ಪುಗಳ ಸುತ್ತ ಗಟ್ಟಿ ಮೂಳೆ ಬೆಳೆದಿತ್ತು. ಸತ್ತವರ ದವಡೆಯಲ್ಲಿ ಮೂಳೆ ಬೆಳೆಯುವುದಿಲ್ಲ. ಅಂದರೆ ಆ ವ್ಯಕ್ತಿ ಬದುಕಿದ್ದಾಗಲೇ ಯಾರೋ ಚಿಪ್ಪನ್ನು ನೆಟ್ಟಿದ್ದರು, ಮೂಳೆ ಅದನ್ನು ಹಿಡಿದುಕೊಂಡಿತ್ತು. ಈಗ ಆ ದವಡೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪೀಬಡಿ ವಸ್ತುಸಂಗ್ರಹಾಲಯದಲ್ಲಿದೆ.

ಚಿಪ್ಪು ಸುಣ್ಣದ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಮುತ್ತಿನ ಚಿಪ್ಪಿನ ಒಳಮೈಗೆ ಮೂಳೆಯನ್ನು ಚಿಗುರಿಸುವ ಗುಣವಿದೆ ಎಂದು ಫ್ರಾನ್ಸಿನ ಸಂಶೋಧಕರು 1990ರ ದಶಕದಲ್ಲಿ ಪ್ರಯೋಗದಿಂದ ತೋರಿಸಿದರು. ಮಾಯಾ ಕುಶಲಕರ್ಮಿಗೆ ಇದು ತಿಳಿದಿತ್ತೆಂದು ಹೇಳುವಂತಿಲ್ಲ. ಆದರೆ ಅವನ ಕೈಗೆ ಸಿಕ್ಕಿದ್ದು ಸರಿಯಾದ ವಸ್ತು.

ಆನಂತರದ ಯುರೋಪ್ ಮತ್ತು ಅಮೆರಿಕದ ವೈದ್ಯರು ಚಿಪ್ಪನ್ನು ಬಿಟ್ಟು ಲೋಹದ ಹಿಂದೆ ಹೋದರು. 1809ರಲ್ಲಿ ಮಾಜ್ಜಿಯೊಲೊ ಚಿನ್ನದ ಬೇರು ಮಾಡಿ ನೋಡಿದ. 1913ರಲ್ಲಿ ಗ್ರೀನ್‌ಫೀಲ್ಡ್ ಇರಿಡಿಯಂ-ಪ್ಲಾಟಿನಂ ತಂತಿಯ ಬುಟ್ಟಿ ಹೆಣೆದ. 1930ರ ದಶಕದ ಕೊನೆಗೆ ಸ್ಟ್ರಾಕ್ ಸಹೋದರರು ವೈಟಾಲಿಯಂ ಎಂಬ ಮಿಶ್ರಲೋಹದ ತಿರುಪು ಕೂರಿಸಿದರು. ಕೆಲವು ಒಂದಷ್ಟು ವರ್ಷ ನಿಂತವು, ಬಹುಪಾಲು ಅಲ್ಲಾಡತೊಡಗಿದವು. ಪರಕೀಯ ವಸ್ತು ಒಳಹೊಕ್ಕರೆ ದೇಹ ಅದರ ಸುತ್ತ ನಾರಿನ ಚೀಲವೊಂದನ್ನು ಹೆಣೆದು ಅದನ್ನು ಬೇರೆ ಇಡುತ್ತದೆ. ಚೀಲದೊಳಗಿನ ಮೊಳೆ ಎಷ್ಟು ದಿನ ಬಿಗಿಯಾಗಿದ್ದೀತು?

ಮೊಲದ ಕಾಲು, ಬೋಫೋರ್ಸ್ ಕಾಸು

ಈ ಗಂಟನ್ನು ಬಿಡಿಸಿದ್ದು ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನೆಮಾರ್ಕ್. ಅವರು ಹಲ್ಲಿನ ಡಾಕ್ಟರೇ ಅಲ್ಲ. 1952ರ ಸುಮಾರಿಗೆ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ಟೈಟಾನಿಯಂನ ಪುಟ್ಟ ಕೊಳವೆ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಕೊಳವೆ ಬರಲೊಲ್ಲದು. ಮೂಳೆ ಅದನ್ನು ಕಚ್ಚಿ ಹಿಡಿದಿತ್ತು. 1965ರಲ್ಲಿ ಗೋಸ್ತಾ ಲಾರ್ಸನ್ ಎಂಬುವರ ಕೆಳದವಡೆಯಲ್ಲಿ ಅವರು ನಾಲ್ಕು ಟೈಟಾನಿಯಂ ಮೊಳೆಗಳನ್ನು ನೆಟ್ಟರು. ಲಾರ್ಸನ್ 2006ರಲ್ಲಿ ತೀರಿಕೊಂಡಾಗಲೂ ಆ ಮೊಳೆಗಳು ಗಟ್ಟಿಯಾಗಿದ್ದವು. ಹತ್ತು ವರ್ಷಗಳ ರೋಗಿಗಳ ಲೆಕ್ಕವನ್ನು ಬ್ರೋನೆಮಾರ್ಕ್ ಪ್ರಕಟಿಸಿದ್ದು 1977ರಲ್ಲಿ. ಜಗತ್ತು ಒಪ್ಪಿದ್ದು 1982ರಲ್ಲಿ, ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ನಂತರ. ಈ ತಾಳ್ಮೆಯ ಕಾಲಮಾನವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇದರ ಮಾತು ಬರುತ್ತದೆ.

ಅಂದ ಹಾಗೆ, ಈ ಮೊಳೆಗಳನ್ನು ತಯಾರಿಸಿ ಮಾರಲು 1978ರಲ್ಲಿ ಬ್ರೋನೆಮಾರ್ಕ್ ಜತೆ ಕೈಜೋಡಿಸಿದ್ದು ಬೋಫೋರ್ಸ್. ಹೌದು, ಅದೇ ಬೋಫೋರ್ಸ್. 1980ರ ದಶಕದಲ್ಲಿ ಫಿರಂಗಿ ವ್ಯವಹಾರದಿಂದ ನಮ್ಮ ಸಂಸತ್ತನ್ನು ಅಲುಗಾಡಿಸಿದ ಕಂಪನಿ. ಹಲ್ಲಿನ ವಿಭಾಗಕ್ಕೆ ನೊಬೆಲ್‌ಫಾರ್ಮಾ ಎಂಬ ಹೆಸರಾಯಿತು.

ಟೈಟಾನಿಯಂ ಗೆದ್ದರೂ ಅದಕ್ಕೊಂದು ಮಿತಿಯಿತ್ತು. ಮೊಳೆ ಕೂರಿಸಿದ ಮೇಲೆ ಕೆಳದವಡೆಗೆ ಮೂರು ತಿಂಗಳು, ಮೂಳೆ ಮೆದುವಾಗಿರುವ ಮೇಲ್ದವಡೆಗೆ ಆರು ತಿಂಗಳು ಕಾಯಬೇಕಿತ್ತು. ಮೂಳೆ ಲೋಹದ ಪಕ್ಕದಲ್ಲಿ ಬಂದು ಒತ್ತಿ ನಿಲ್ಲುತ್ತದೆ, ಆದರೆ ಅದರೊಂದಿಗೆ ಒಂದಾಗುವುದಿಲ್ಲ. ಒಂದಾಗುವ ವಸ್ತು ಇದೆಯೆ ಎಂಬ ಹುಡುಕಾಟ ಆ ಹೊತ್ತಿಗೆ ಬೇರೊಂದು ಖಂಡದಲ್ಲಿ ನಡೆದಿತ್ತು.

ಬಸ್ಸಿನಲ್ಲಿ ಕೇಳಿದ ಪ್ರಶ್ನೆ

1967. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಪಿಂಗಾಣಿ ಮತ್ತು ಗಾಜಿನ ವಿಜ್ಞಾನ ಕಲಿಸುತ್ತಿದ್ದ ಲ್ಯಾರಿ ಹೆಂಚ್, ಸೈನ್ಯದವರು ಏರ್ಪಡಿಸಿದ್ದ ಒಂದು ವಿಚಾರಗೋಷ್ಠಿಗೆಂದು ನ್ಯೂಯಾರ್ಕ್ ರಾಜ್ಯದ ಸಗಮೋರ್‌ಗೆ ಬಸ್ಸಿನಲ್ಲಿ ಹೊರಟಿದ್ದರು. (ಪಿಂಗಾಣಿ ತಜ್ಞನ ಹೆಸರು ಕನ್ನಡದ ಕಿವಿಗೆ ‘ಹೆಂಚು’ ಎಂದೇ ಕೇಳಿಸುವುದು ಬರಿಯ ಕಾಕತಾಳೀಯ.) ಪಕ್ಕದಲ್ಲಿ ಕುಳಿತಿದ್ದವರು ವಿಯಟ್ನಾಂ ಯುದ್ಧಭೂಮಿಯಿಂದ ಆಗಷ್ಟೇ ಮರಳಿದ್ದ ಒಬ್ಬ ಕರ್ನಲ್. ವಿಕಿರಣಕ್ಕೂ ಜಗ್ಗದ ಗಾಜಿನ ಬಗೆಗೆ ಹೆಂಚ್ ಉತ್ಸಾಹದಿಂದ ವಿವರಿಸಿದರು. ಕರ್ನಲ್ ಕೇಳಿದ್ದು ಒಂದೇ ಪ್ರಶ್ನೆ: ವಿಕಿರಣವನ್ನು ತಾಳಿಕೊಳ್ಳುವ ವಸ್ತು ಮಾಡಬಲ್ಲಿರಾದರೆ, ಮನುಷ್ಯನ ದೇಹವನ್ನು ತಾಳಿಕೊಳ್ಳುವ ವಸ್ತುವನ್ನೇಕೆ ಮಾಡಬಾರದು? ಮುರಿದ ಕೈಕಾಲಿಗೆ ಹಾಕಿದ ಲೋಹ, ಪ್ಲಾಸ್ಟಿಕ್ ಯಾವುದನ್ನೂ ದೇಹ ಒಪ್ಪುತ್ತಿಲ್ಲ. ಉಳಿಸಬಹುದಾದ ಕೈಕಾಲುಗಳನ್ನು ಕತ್ತರಿಸಿ ಹಾಕುತ್ತಿದ್ದೇವೆ ಎಂಬುದು ಅವರ ಸಂಕಟವಾಗಿತ್ತು.

ಹೆಂಚ್ ಊರಿಗೆ ಮರಳಿ ಮಾಡಿದ ತರ್ಕ ತೀರ ಸರಳ. ಲೋಹ, ಪ್ಲಾಸ್ಟಿಕ್ಕು ದೇಹದಲ್ಲಿ ಸ್ವಾಭಾವಿಕವಾಗಿ ಇರುವ ವಸ್ತುಗಳಲ್ಲ. ಮೂಳೆಯಲ್ಲಿರುವುದು ಕ್ಯಾಲ್ಸಿಯಂ ಮತ್ತು ರಂಜಕ. ಒಳಗಿಟ್ಟ ವಸ್ತು ತನ್ನ ಮೈಮೇಲೆ ತಾನೇ ಮೂಳೆಯ ಖನಿಜದ ಪದರ ಬೆಳೆಸಿಕೊಂಡರೆ ದೇಹಕ್ಕೆ ಅದು ಪರಕೀಯವೆಂದು ಗೊತ್ತಾಗುವುದೇ ಇಲ್ಲ. ಸೈನ್ಯದ ವೈದ್ಯಕೀಯ ಸಂಶೋಧನಾ ವಿಭಾಗ 1968ರಲ್ಲಿ ಹಣ ಕೊಟ್ಟಿತು. 1969ರಲ್ಲಿ ಹೆಂಚ್ ಕುಲುಮೆಯಲ್ಲಿ ಕರಗಿಸಿದ ಗಾಜಿನ ಪಾಕ ಹೀಗಿತ್ತು: ಶೇ 45 ಮರಳಿನ ಸಿಲಿಕಾ, ಶೇ 24.5 ಸೋಡಿಯಂ ಆಕ್ಸೈಡ್, ಶೇ 24.5 ಕ್ಯಾಲ್ಸಿಯಂ ಆಕ್ಸೈಡ್, ಶೇ 6 ರಂಜಕದ ಆಕ್ಸೈಡ್. ‘ಬಯೊಗ್ಲಾಸ್ 45ಎಸ್5’ ಎಂದು ಮುಂದೆ ಹೆಸರಾದದ್ದು ಇದೇ. ಮೂಳೆ ಶಸ್ತ್ರವೈದ್ಯ ಟೆಡ್ ಗ್ರೀನ್‌ಲೀ ಇದರ ಪುಟ್ಟ ತುಂಡುಗಳನ್ನು ಇಲಿಗಳ ತೊಡೆಯೆಲುಬಿನಲ್ಲಿ ಇಟ್ಟರು. ಆರು ವಾರಗಳ ನಂತರ ಅವರು ಹೆಂಚ್‌ಗೆ ಫೋನ್ ಮಾಡಿ, ತುಂಡುಗಳು ಮೂಳೆಯಿಂದ ಹೊರಗೆ ಬರುತ್ತಿಲ್ಲ, ನೂಕಿದರೂ ಹೊಡೆದರೂ ಕದಲುತ್ತಿಲ್ಲ ಎಂದು ತಿಳಿಸಿದರು.

ನಡೆದಿದ್ದೇನು? ದೇಹದ ದ್ರವ ತಾಗುತ್ತಲೇ ಗಾಜಿನ ಮೇಲ್ಮೈಯಿಂದ ಸೋಡಿಯಂ ಕರಗಿ ಹೊರಬೀಳುತ್ತದೆ. ಹಿಂದೆ ಉಳಿದ ಸಿಲಿಕಾ ಅಂಬಲಿಯಂಥ ಪದರವಾಗುತ್ತದೆ. ಅದರ ಮೇಲೆ ಕ್ಯಾಲ್ಸಿಯಂ, ರಂಜಕ ಬಂದು ಕೂತು ಮೂಳೆಯ ಖನಿಜದಂತೆಯೇ ಹರಳುಗಟ್ಟುತ್ತವೆ. ಮೂಳೆಯ ನಾರುಗಳು ಆ ಹರಳುಗಳಲ್ಲಿ ಬೇರುಬಿಡುತ್ತವೆ. ಅಲ್ಲಿಯವರೆಗೆ ದೇಹದೊಳಗೆ ಇಡುವ ವಸ್ತು ಸುಮ್ಮನಿರಬೇಕು, ಏನೂ ಮಾಡಬಾರದು ಎಂಬುದೇ ನಂಬಿಕೆಯಾಗಿತ್ತು. 1960-70ರ ದಶಕಗಳಲ್ಲಿ ಸ್ಯಾಂಡ್‌ಹೌಸ್, ಜರ್ಮನಿಯ ಶುಲ್ಟೆ ಮೊದಲಾದವರು ಮಾಡಿದ ಅಲ್ಯೂಮಿನಾ ಪಿಂಗಾಣಿಯ ಹಲ್ಲುಗಳು ಈ ‘ಸುಮ್ಮನಿರುವ’ ಜಾತಿಯವು. ಹೆಂಚ್ ಮಾಡಿದ್ದು ಸ್ಪಂದಿಸುವ ಪಿಂಗಾಣಿ. ‘ಬಯೊಆಕ್ಟಿವ್’ ಎಂದರೆ ಅದೇ.

ಬಬೂನ್ ಕೋತಿಗಳ ದವಡೆಯಲ್ಲಿ ಬಯೊಗ್ಲಾಸ್ ಹಲ್ಲು ನೆಟ್ಟ ಪ್ರಯೋಗದ ವರದಿ 1976ರಲ್ಲಿ ಬಂತು. ಆದರೆ ಗಾಜು ಗಾಜೇ. ಅಗಿಯುವ ಭಾರ ಬಿದ್ದರೆ ಒಡೆಯುತ್ತದೆ. 1980ರ ದಶಕದ ಕೊನೆಗೆ ಬಯೊಗ್ಲಾಸ್ ಬಾಯಿಯೊಳಗೆ ಬಂದಿದ್ದು ಹಲ್ಲಾಗಿ ಅಲ್ಲ. ಕಿತ್ತ ಹಲ್ಲಿನ ಗೂಡು ಕುಗ್ಗದಂತೆ ಒಳಗೆ ತುರುಕುವ ಪುಟ್ಟ ಶಂಕುವಾಗಿ. ಇಂದು ಅದರ ಪುಡಿ ಟೂತ್‌ಪೇಸ್ಟಿನಲ್ಲಿದೆ. ತಣ್ಣೀರು ತಾಗಿದರೆ ಜುಮ್ಮೆನ್ನುವ ಹಲ್ಲಿಗೆಂದು ನಮ್ಮ ಔಷಧಿ ಅಂಗಡಿಗಳಲ್ಲೂ ಸಿಗುವ ಕೆಲವು ಪೇಸ್ಟುಗಳ ಪೊಟ್ಟಣದ ಮೇಲೆ ‘ಕ್ಯಾಲ್ಸಿಯಂ ಸೋಡಿಯಂ ಫಾಸ್ಫೋಸಿಲಿಕೇಟ್’ ಎಂದು ಬರೆದಿರುತ್ತದೆ. ವಿಯಟ್ನಾಂ ಸೈನಿಕರ ಕಾಲು ಉಳಿಸಲು ಹೊರಟ ಗಾಜು ಅದೇ.

ಮೋಸಗಾರ ಖನಿಜ

ಗಾಜು ಬೆಳೆಸಿಕೊಳ್ಳುವ ಪದರವನ್ನೇ ಮೊದಲು ತಯಾರಿಸಿ ಲೋಹಕ್ಕೆ ಹಚ್ಚಿದರೆ ಹೇಗೆ? ಭಾರ ಹೊರುವುದು ಲೋಹದ ಕೆಲಸ, ಮೂಳೆಯ ಸ್ನೇಹ ಪಿಂಗಾಣಿಯ ಕೆಲಸ. ಕೇಳಲು ಎಷ್ಟು ಅಚ್ಚುಕಟ್ಟು!

ಆ ಪದರದ ಹೆಸರು ಹೈಡ್ರಾಕ್ಸಿಅಪಟೈಟ್. ಬೇರೆ ಖನಿಜಗಳೆಂದು ಪದೇ ಪದೇ ತಪ್ಪು ತಿಳಿಯುತ್ತಿದ್ದುದರಿಂದ ಜರ್ಮನ್ ಭೂವಿಜ್ಞಾನಿ ವರ್ನರ್ 1786ರಲ್ಲಿ ‘ಮೋಸ ಮಾಡು’ ಎಂಬರ್ಥದ ಗ್ರೀಕ್ ಪದದಿಂದ ಅಪಟೈಟ್ ಎಂದು ಕರೆದ. ನಮ್ಮ ಮೂಳೆಯ ತೂಕದ ಮೂರನೇ ಎರಡು ಭಾಗದಷ್ಟು, ಹಲ್ಲಿನ ಹೊರಗವಚದ ಶೇ 95ಕ್ಕೂ ಹೆಚ್ಚು ಭಾಗ ಈ ಜಾತಿಯ ಖನಿಜವೇ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಇದರ ಇನ್ನೊಂದು ಮುಖ ಗೊತ್ತು. ಅಲ್ಲಿನ ಕೊಳವೆಬಾವಿಗಳ ಫ್ಲೋರೈಡ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಹಲ್ಲಾಗಿ ರೂಪುಗೊಳ್ಳುವಾಗಲೇ ಕೆಡುತ್ತದೆ, ಕಂದು ಕಲೆ ಹೊತ್ತು ಮೂಡುತ್ತದೆ. ಇದೇ ಖನಿಜದೊಳಕ್ಕೆ ಫ್ಲೋರೈಡ್ ಸೇರಿಕೊಳ್ಳುತ್ತದೆ.

1970ರ ದಶಕದಲ್ಲಿ ಜಪಾನಿನ ಹಿಡೆಕಿ ಅವೊಕಿ, ಅಮೆರಿಕದ ಮೈಕೆಲ್ ಜಾರ್ಕೊ, ಹಾಲೆಂಡಿನ ಕ್ಲಾಸ್ ಡಿ ಗ್ರೂಟ್ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಮೂಳೆಯಲ್ಲಿಟ್ಟು ಪರೀಕ್ಷಿಸಿದರು. ಇನ್ನು ಉಳಿದದ್ದು ಲೋಹಕ್ಕೆ ಹಚ್ಚುವ ಉಪಾಯ. ಅದು ವಿಮಾನದ ಎಂಜಿನ್ ಕಾರ್ಖಾನೆಯಿಂದ ಸಿಕ್ಕಿತು. ಎಂಜಿನ್ನಿನ ಭಾಗಗಳಿಗೆ ಶಾಖನಿರೋಧಕ ಲೇಪ ಕೊಡಲು ಬಳಸುತ್ತಿದ್ದ ‘ಪ್ಲಾಸ್ಮಾ ಸ್ಪ್ರೇ’ ವಿಧಾನ ಅದು. ಆರ್ಗಾನ್‌ನಂಥ ಅನಿಲದೊಳಗೆ ವಿದ್ಯುತ್ ಕಿಡಿ ಹಾಯಿಸಿದರೆ 10,000 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವಾಲೆ ಹುಟ್ಟುತ್ತದೆ. ಅದರೊಳಕ್ಕೆ ಅಪಟೈಟ್ ಪುಡಿ ಊದುತ್ತಾರೆ. ಕಣ್ಣೆವೆ ಮಿಟುಕಿಸುವುದಕ್ಕಿಂತ ಕಡಿಮೆ ಸಮಯದಲ್ಲಿ ಕಣಗಳು ಅರೆಬರೆ ಕರಗಿ, ಹಾರಿ ಬಂದು ಲೋಹಕ್ಕೆ ಬಡಿದು ಚಪ್ಪಟೆಯಾಗುತ್ತವೆ, ಗೋಡೆಗೆ ತಟ್ಟಿದ ಬೆರಣಿಯ ಹಾಗೆ. ಬೆರಣಿಯ ಮೇಲೆ ಬೆರಣಿ ಕೂತು ಸುಮಾರು 50 ಮೈಕ್ರೋಮೀಟರ್ ದಪ್ಪದ, ಅಂದರೆ ತಲೆಗೂದಲಿಗಿಂತ ತುಸು ತೆಳ್ಳಗಿನ ಲೇಪವಾಗುತ್ತದೆ.

1985ರಲ್ಲಿ ಲಂಡನ್ನಿನ ರೊನಾಲ್ಡ್ ಫರ್ಲಾಂಗ್, ಮರುವರ್ಷ ಹಾಲೆಂಡಿನ ಗೀಸಿಂಕ್ ಇಂಥ ಲೇಪವಿದ್ದ ಸೊಂಟದ ಕೀಲುಗಳನ್ನು ರೋಗಿಗಳಿಗೆ ಅಳವಡಿಸಿದರು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಕ್ಯಾಲ್ಸಿಟೆಕ್ ಕಂಪನಿ ಲೇಪವಿರುವ ಹಲ್ಲಿನ ಇಂಪ್ಲಾಂಟ್ ಮಾರುಕಟ್ಟೆಗೆ ತಂದಿತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೂಳೆ ಬೇಗ ಬಂದು ಹಿಡಿಯುತ್ತಿತ್ತು, ಸಣ್ಣಪುಟ್ಟ ಸಂದುಗಳನ್ನೂ ತುಂಬಿಕೊಳ್ಳುತ್ತಿತ್ತು. ಮೆದು ಮೂಳೆಯ ಮೇಲ್ದವಡೆಗೆ ಇದು ವರದಾನ ಎಂದು ದಂತವೈದ್ಯರಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಗಾರೆ ಉದುರಿದಾಗ

ಈಗ ಮತ್ತೆ ಬೆರಣಿಯ ಹೋಲಿಕೆಗೆ ಬರೋಣ. ಬೆರಣಿ ಗೋಡೆಯನ್ನು ಹಿಡಿದುಕೊಂಡಿರುತ್ತದೆ ನಿಜ, ಆದರೆ ಗೋಡೆಯೊಂದಿಗೆ ಒಂದಾಗಿರುವುದಿಲ್ಲ. ಇಲ್ಲಿಯೂ ಹಾಗೆಯೇ. ಗಾರೆ ಹಿಡಿಯಲೆಂದು ಗಾರೆಯವರು ಗೋಡೆಯ ಮೈ ಕೆತ್ತಿ ಒರಟು ಮಾಡುವಂತೆ ಟೈಟಾನಿಯಂ ಮೈಯನ್ನು ಪುಡಿಕಲ್ಲು ಸಿಡಿಸಿ ಒರಟು ಮಾಡಿರುತ್ತಾರೆ. ಲೇಪ ನಿಂತಿರುವುದು ಬಹುಪಾಲು ಆ ಒರಟುತನದ ಆಸರೆಯಲ್ಲಿ. ಮೂಳೆಗೂ ಪಿಂಗಾಣಿಗೂ ರಸಾಯನದ ಬೆಸುಗೆ. ಪಿಂಗಾಣಿಗೂ ಲೋಹಕ್ಕೂ ಬರಿಯ ಹಿಡಿತ. ಇಡೀ ಎರಡು ದಶಕ ಎಲ್ಲರೂ ಕೇಳಿದ್ದು ಮೂಳೆ ಇದನ್ನು ಒಪ್ಪುತ್ತದೆಯೆ ಎಂದು. ಅದು ಎಷ್ಟು ಚೆನ್ನಾಗಿ ಒಪ್ಪಿತೆಂದರೆ, ಕಿತ್ತು ನೋಡುವ ಪರೀಕ್ಷೆಗಳಲ್ಲಿ ಬಿಟ್ಟುಕೊಳ್ಳುತ್ತಿದ್ದುದು ಅನೇಕ ಸಲ ಮೂಳೆಯ ಕಡೆ ಅಲ್ಲ, ಲೋಹದ ಕಡೆ.

ಜ್ವಾಲೆಯ ಶಾಖವೂ ತನ್ನ ಸುಂಕ ವಸೂಲು ಮಾಡಿತ್ತು. ಅಷ್ಟು ಬಿಸಿಯಿಂದ ಒಮ್ಮೆಲೇ ತಣ್ಣಗಾದ ಅಪಟೈಟ್ ಪೂರ್ತಿ ಹರಳುಗಟ್ಟುವುದಿಲ್ಲ, ಒಂದು ಭಾಗ ಬೇರೆ ಫಾಸ್ಫೇಟುಗಳಾಗಿ ಒಡೆದೂ ಹೋಗುತ್ತದೆ. ಹರಳಾಗದ ಭಾಗ ದೇಹದ ದ್ರವದಲ್ಲಿ ಬೇಗ ಕರಗುತ್ತದೆ. ಒಂದು ಕಾರ್ಖಾನೆಯ ಲೇಪ ಇನ್ನೊಂದರಂತೆ ಇರುತ್ತಿರಲಿಲ್ಲ. ‘ಹೈಡ್ರಾಕ್ಸಿಅಪಟೈಟ್ ಲೇಪ’ ಎಂಬ ಒಂದೇ ಹೆಸರಿನಡಿ ಹಲವು ಗುಣಮಟ್ಟದ ಸರಕು ಮಾರಾಟವಾಯಿತು.

ಇಲ್ಲೊಂದು ಸೋಜಿಗವಿದೆ. ಸೊಂಟದ ಕೀಲಿನಲ್ಲಿ ಇದೇ ಲೇಪ ವರ್ಷಾನುಗಟ್ಟಲೆ ಚೆನ್ನಾಗಿ ನಡೆಯಿತು, ಇಂದಿಗೂ ಬಳಕೆಯಲ್ಲಿದೆ. ಬಾಯಿಯಲ್ಲಿ ಮಾತ್ರ ಯಾಕೆ ತಕರಾರು? ಸೊಂಟ ಮುಚ್ಚಿದ ಮನೆ, ಬಾಯಿ ತೆರೆದ ಬಾಗಿಲು. ಹಲ್ಲಿನ ಇಂಪ್ಲಾಂಟ್ ಮೂಳೆಯಿಂದ ಹೊರಟು ವಸಡನ್ನು ತೂರಿ ಬ್ಯಾಕ್ಟೀರಿಯಾಗಳಿಂದ ತುಂಬಿದ ಜಾಗಕ್ಕೆ ತಲೆ ಹಾಕುತ್ತದೆ. ಹುಟ್ಟಿನ ಹಲ್ಲನ್ನು ವಸಡಿನ ನಾರುಗಳು ಬೇರಿನೊಳಕ್ಕೇ ಹೊಕ್ಕು ಬಿಗಿದಿರುತ್ತವೆ. ಇಂಪ್ಲಾಂಟಿಗೆ ಆ ಬಿಗಿಯಿಲ್ಲ. ಕುತ್ತಿಗೆಯ ಬಳಿ ಮೂಳೆ ತುಸು ಸವೆದರೆ ಸಾಕು, ಒರಟು ಲೇಪ ಹೊರಗೆ ಕಾಣಿಸಿಕೊಳ್ಳುತ್ತದೆ. ಒರಟು ಮೈಯಲ್ಲಿ ಬ್ಯಾಕ್ಟೀರಿಯಾ ಬೀಡುಬಿಡುತ್ತದೆ, ಲೇಪ ಸಡಿಲವಾಗುತ್ತದೆ, ಮೂಳೆ ಇನ್ನಷ್ಟು ಸವೆಯುತ್ತದೆ.

1996ರಲ್ಲಿ ಪ್ರಕಟವಾದ ಎಂಟು ವರ್ಷಗಳ ಒಂದು ಅಧ್ಯಯನದಲ್ಲಿ ಟೈಟಾನಿಯಂ ಪುಡಿಯನ್ನೇ ಸಿಂಪಡಿಸಿದ ಇಂಪ್ಲಾಂಟುಗಳಲ್ಲಿ ಸುಮಾರು ಶೇ 93 ಉಳಿದಿದ್ದವು, ಅಪಟೈಟ್ ಲೇಪದವುಗಳಲ್ಲಿ ಸುಮಾರು ಶೇ 78. ಬ್ರೋನೆಮಾರ್ಕ್ ಅವರ ಸಹೋದ್ಯೋಗಿ ಟೊಮಾಸ್ ಆಲ್ಬ್ರೆಕ್ಟ್‌ಸನ್ 1998ರಲ್ಲಿ ಲೇಪದ ಬಳಕೆಯ ವಿರುದ್ಧವೇ ಲೇಖನ ಬರೆದರು. ಇತ್ತ 2000ದಲ್ಲಿ, ಅದುವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಅಮೆರಿಕದ ಸಂಶೋಧಕರು ಲೇಪವಿದ್ದವಕ್ಕೂ ಇಲ್ಲದವಕ್ಕೂ ಬಾಳಿಕೆಯಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ ಎಂದರು. ಯಾರನ್ನು ನಂಬುವುದು?

ದೋಷವನ್ನೆಲ್ಲ ಲೇಪದ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂದೇ ತೋರುತ್ತದೆ. ಆಗಿನ ಲೇಪದ ಇಂಪ್ಲಾಂಟುಗಳಲ್ಲಿ ಹಲವು ತಿರುಪು ಮೊಳೆಗಳೇ ಅಲ್ಲ, ನಯವಾದ ಗೂಟಗಳು. ಸುತ್ತಿಗೆಯಿಂದ ತಟ್ಟಿ ಕೂರಿಸುವಂಥವು. ತಿರುಪಿಗೆ ಲೇಪ ಹೋದರೂ ಮರೆಗಳ ಹಿಡಿತವಿದೆ. ಗೂಟಕ್ಕೆ ಲೇಪವೇ ಸರ್ವಸ್ವ. ಇನ್ನೊಂದು ಮಾತನ್ನೂ ಹೇಳಬೇಕು. ಬ್ರೋನೆಮಾರ್ಕ್ ಮೊದಲ ರೋಗಿಯಿಂದ ಹತ್ತು ವರ್ಷದ ಲೆಕ್ಕದವರೆಗೆ ಕಾದರು. ಲೇಪದ ಗೂಟ ಮಾರುಕಟ್ಟೆಗೆ ಬಂದಾಗ ಮನುಷ್ಯರ ಬಾಯಿಯಲ್ಲಿ ಅದರ ಹತ್ತು ವರ್ಷದ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಆ ಲೆಕ್ಕ ಬರೆದದ್ದು ಹಣ ಕೊಟ್ಟು ಹಾಕಿಸಿಕೊಂಡ ರೋಗಿಗಳ ದವಡೆಗಳ ಮೇಲೆ. ವಿಫಲವಾದ ಗೂಟವನ್ನು ತೆಗೆದರೆ ಅನೇಕ ಸಲ ಸುತ್ತಲಿನ ಮೂಳೆಯೂ ನಷ್ಟವಾಗಿರುತ್ತದೆ, ಮತ್ತೊಂದನ್ನು ಕೂರಿಸುವುದು ಕಷ್ಟವಾಗುತ್ತದೆ.

ಜಗಳದಿಂದ ಒಳ್ಳೆಯದೂ ಆಯಿತು. ಹರಳುಗಟ್ಟುವ ಪ್ರಮಾಣ ಹೆಚ್ಚಿಸಿದ ಲೇಪಗಳು ಬಂದವು. ಅಂಥ ಇಂಪ್ಲಾಂಟುಗಳು ಈಗಲೂ ಮಾರಾಟದಲ್ಲಿವೆ. ಜಪಾನಿನ ಕ್ಯೋಟೊದ ತದಾಶಿ ಕೊಕುಬೊ 1990ರಲ್ಲಿ ದೇಹದ ದ್ರವದಂಥದೇ ಲವಣಗಳ ದ್ರಾವಣ ತಯಾರಿಸಿ, ದೇಹದಷ್ಟೇ ಬೆಚ್ಚಗಿನ ಆ ನೀರಿನಲ್ಲಿ ಅದ್ದಿಟ್ಟೇ ಅಪಟೈಟ್ ಪದರ ಬೆಳೆಸುವ ಹಾದಿ ತೋರಿಸಿದರು. ಅದಕ್ಕೆ ಜ್ವಾಲೆಯೇ ಬೇಡ. 2007ರ ಹೊತ್ತಿಗೆ ದಪ್ಪ ಲೇಪದ ಬದಲು ಕ್ಯಾಲ್ಸಿಯಂ ಫಾಸ್ಫೇಟಿನ ಅತಿಸೂಕ್ಷ್ಮ ಹರಳುಗಳನ್ನು ಅಲ್ಲಲ್ಲಿ ಚಿಮುಕಿಸಿದ ಇಂಪ್ಲಾಂಟ್ ಬಂತು. ಸುಲಿಯಲು ಪದರವೇ ಇಲ್ಲದ್ದರಿಂದ ಸುಲಿಯುವ ಭಯವೂ ಕಡಿಮೆ.

ಆದರೆ ಹೆಚ್ಚಿನ ತಯಾರಕರು 1990ರ ದಶಕದ ಕೊನೆಯಿಂದ ಹಿಡಿದ ದಾರಿ ಬೇರೆ: ಲೇಪವೇ ಬೇಡ, ಟೈಟಾನಿಯಂ ಮೈಯನ್ನೇ ಮರಳು ಸಿಡಿಸಿ, ಆಮ್ಲದಲ್ಲಿ ಅದ್ದಿ ಸಣ್ಣ ಸಣ್ಣ ಕುಳಿಗಳಾಗುವಂತೆ ಒರಟು ಮಾಡುವುದು. ಮೂಳೆ ಆ ಕುಳಿಗಳೊಳಗೆ ಬೇಗ ಬೆಳೆಯುತ್ತದೆ. ಇಂದು ನಮ್ಮ ಊರುಗಳ ಹಲ್ಲಿನ ಆಸ್ಪತ್ರೆಗಳಲ್ಲಿ ಕೂರಿಸುವ ಮೊಳೆಗಳಲ್ಲಿ ಬಹುಪಾಲು ಈ ಬಗೆಯವು. ಹೀಗೆ ಒರಟು ಮಾಡುವಾಗ ಕೆಲವು ಕಂಪನಿಗಳು ಸಿಡಿಸುವುದು ಮರಳನ್ನಲ್ಲ, ಅಪಟೈಟ್‌ನಂಥ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿಯನ್ನೇ. ಕಣವೇನಾದರೂ ಅಂಟಿಕೊಂಡು ಉಳಿದರೂ ದೇಹ ಅದನ್ನು ಕರಗಿಸಿಕೊಳ್ಳಬಲ್ಲದು ಎಂಬ ಧೈರ್ಯಕ್ಕೆ. ಹಾಗಿದ್ದೂ ಕಾರ್ಖಾನೆಯಲ್ಲಿ ಆ ಪುಡಿಯನ್ನು ಆಮ್ಲದಲ್ಲಿ ತೊಳೆದು ತೆಗೆದ ಮೇಲೆಯೇ ಮೊಳೆ ಪೊಟ್ಟಣ ಸೇರುತ್ತದೆ.